ಗಂಟೆ ಎಂದರೆ

ಹೋದ ವರ್ಷದ ಕರಾರಿನಲ್ಲಿ ಒಂದೇ ಸಾಲು:
'ದೂರು ಬಂದ ನಾಲ್ಕು ಗಂಟೆಯೊಳಗೆ
ಗುತ್ತಿಗೆದಾರರು ಸ್ಪಂದಿಸತಕ್ಕದ್ದು.'
ಯಾರು ಬರೆದರೋ, ಎಲ್ಲಿಂದ ನಕಲಿಳಿಸಿದರೋ,
ಅಡಿಯಲ್ಲಿ ಸಹಿ ಮಾತ್ರ ನನ್ನದು.

ಆಂಡರ್ಸನ್‌ಪೇಟೆಯ ಮೂರನೇ ಪಂಪು
ಹನ್ನೊಂದು ದಿನ ಬಾಯಿ ಬಿಡಲಿಲ್ಲ.
ದಂಡ ಹಾಕಿದೆವು. ಚೌಡರೆಡ್ಡಿಯವರು
ಬಂಗಾರಪೇಟೆಯಿಂದ ವಕೀಲರನ್ನೇ ಕರೆತಂದರು,
ಜೊತೆಗೊಂದು ಹಾಳೆ, ಬಣ್ಣದ ಪ್ರಿಂಟು:
ದೂರು ಹೋದ ಎರಡನೇ ನಿಮಿಷಕ್ಕೆ
ಅವರ ಕಂಪ್ಯೂಟರು ತಾನಾಗಿ ಕಳಿಸಿದ ಸಂದೇಶ,
'ನಿಮ್ಮ ದೂರು ನಮಗೆ ಮುಖ್ಯ. ವಂದನೆಗಳು.'
'ಸ್ಪಂದಿಸಿದ್ದೇವಲ್ಲ ಮೇಡಂ' ಎಂದರು,
ನಗಲೂ ಇಲ್ಲ.
ದಂಡ ವಾಪಸ್ಸಾಯಿತು. ಆಡಿಟ್‌ನವರು ಕೆಂಪು ಶಾಯಿಯಲ್ಲಿ
ಒಂದು ಪ್ರಶ್ನಾರ್ಥಕ ಹಾಕಿ ಹೋದರು,
ಕುಡುಗೋಲಿನಂಥದ್ದು.

ಅದಕ್ಕೇ ಈ ಸಲ, ಎಲ್ಲಕ್ಕೂ ಮೊದಲು,
ಅರ್ಥವಿವರಣೆ. ಕಲಂ ಒಂದು, ಉಪಕಲಂ ಏಳು:
'ಸ್ಪಂದನೆ' ಎಂದರೆ
ಎಂದರೆ?
ರಾಬರ್ಟ್‌ಸನ್‌ಪೇಟೆ ನಗರಸಭೆಯ ಕಿಟಕಿಗೆ
ಸೈನೈಡ್ ದಿಬ್ಬದ ಬೂದಿಮಣ್ಣು ಎದ್ದು ಬಂದು
ಖಾಲಿ ಹಾಳೆಯ ಮೇಲೆ ಕೂರುತ್ತಿದೆ.
ಉತ್ತರ ಎಂದರೆ, 'ಇಲ್ಲ' ಎನ್ನುವುದೂ ಉತ್ತರ.
ಹಾಜರಿ ಎಂದರೆ, ಹುಡುಗನೊಬ್ಬ ಬಂದು
ಬೀಗ ಅಲ್ಲಾಡಿಸಿ, ಫೋಟೋ ತೆಗೆದು ಹೋದಾನು.
ದುರಸ್ತಿ ಎಂದರೆ ನಾಲ್ಕು ಗಂಟೆ ಸಾಲದು,
ಮೋಟಾರು ಮೇಲೆತ್ತಲಿಕ್ಕೇ ಒಂದು ಹಗಲು ಬೇಕು,
ಅದು ಅವರ ತಪ್ಪೂ ಅಲ್ಲ.
'ಸೂಕ್ತ ಕ್ರಮ': ಆ ಜೋಡಿಯನ್ನು
ಹದಿನಾರು ವರ್ಷದಿಂದ ಬಲ್ಲೆ,
ಎಲ್ಲ ಫೈಲಿನಲ್ಲೂ ಮಲಗಿರುತ್ತದೆ.
ನಿಘಂಟು ತೆಗೆದರೆ: ಮಿಡಿತ, ಅದುರು, ನಾಡಿಯ ಬಡಿತ.
ಟೆಂಡರಿನಲ್ಲಿ ನಾಡಿ ಹಿಡಿಯುವವರು ಯಾರು?

'ಏನಮ್ಮಾ, ಪೆನ್ನು ಕಚ್ಚುತಾ ಇದೀರ'
ಟೀ ತಂದ ದೇವಸಹಾಯಂ ಕೇಳಿದರು. ಹೇಳಿದೆ.
ಗಣಿಯಲ್ಲಿದ್ದವರು, ಶಾಫ್ಟಿನ ಬಾಯಲ್ಲಿ
ಬೆಲ್ಲು ಹೊಡೆಯುವ ಕೆಲಸ,
ಮುಚ್ಚಿದ ಮೇಲೆ ಈ ತಟ್ಟೆ.
'ನಮ್ದು ಗಂಟೆ ಲೆಕ್ಕ' ಅಂದರು.
'ಕೆಳಗಿಂದ ಮೂರು ಬಂದ್ರೆ ಮನುಷ್ರು ಅಂತ.
ಇಂಜಿನ್ ಡ್ರೈವರು ಸುಮ್ನೆ ಎತ್ತಂಗಿಲ್ಲ,
ಅದೇ ಮೂರು ವಾಪಸ್ ಹೊಡೀಬೇಕು ಮೊದ್ಲು.
ಎರಡು ಹೊಡುದ್ರೆ ತಪ್ಪು, ನಾಲ್ಕು ಹೊಡುದ್ರೂ ತಪ್ಪು.
ಕತ್ಲಲ್ಲಿ ಪಂಜರದಾಗೆ ನಿಂತೋನಿಗೆ
ನಾನು ಹೇಳಿದ್ದೇ ಮೇಲೆ ಕೇಳಿಸ್ತು ಅಂತ
ಗೊತ್ತಾಗ್ಬೇಕಲ್ಲಮ್ಮಾ.
ಆಮೇಲೆ ಹಗ್ಗ.'
ಲೋಟ ಎತ್ತಿಕೊಂಡು ಹೋದರು.
ನಾನಿನ್ನೂ ಕುಡಿದಿರಲಿಲ್ಲ.

ಬರೆದೆ:
'ಸ್ಪಂದನೆ ಎಂದರೆ, ದೂರಿನಲ್ಲಿರುವ
ಜಾಗವನ್ನು, ಯಂತ್ರವನ್ನು, ತೊಂದರೆಯನ್ನು
ಹೊಣೆಯುಳ್ಳ ಒಬ್ಬ ಮನುಷ್ಯ
ದೂರಿದವರಿಗೇ ತಿರುಗಿ ಹೇಳಿ,
ಅವರಿಂದ ಹೌದೆನಿಸಿಕೊಂಡು,
ತಾನು ಹೊರಡುವ ಹೊತ್ತನ್ನು ತಿಳಿಸುವುದು.
ತಾನಾಗಿ ಹೋಗುವ ಸಂದೇಶ ಸ್ಪಂದನೆಯಲ್ಲ.'
ಇಂಜಿನಿಯರ್ ಸಾಹೇಬರು 'ಮನುಷ್ಯ' ಹೊಡೆದುಹಾಕಿ
'ಪ್ರತಿನಿಧಿ' ಮಾಡಿದರು.
ಇರಲಿ. ಉಳಿದದ್ದು ಉಳಿಯಿತು.

ಬಿಡ್ ಪೂರ್ವ ಸಭೆಯ ಮುಂದಿನ ಸಾಲಲ್ಲಿ
ಬಿಸ್ಕತ್ತು ಮುರಿಯುತ್ತ ಚೌಡರೆಡ್ಡಿಯವರು:
'ಎಲ್ಲ ಸರಿ ಮೇಡಂ, ಒಂದೇ ಸಂಶಯ.
ಗಂಟೆ ಅಂದರೆ ಗಡಿಯಾರದ ಗಂಟೆಯೋ
ಆಫೀಸಿನ ಗಂಟೆಯೋ?
ಅರ್ಥವಿವರಣೆಯಲ್ಲಿ ಇಲ್ಲವಲ್ಲ.'
ನಿಜ. ಇರಲಿಲ್ಲ.
ಬಾಗಿಲ ಹತ್ತಿರ ತಟ್ಟೆ ಹಿಡಿದವರ ಕಡೆ
ಕಣ್ಣು ಹೋಯಿತು; ಅವರು ಲೋಟ ಎಣಿಸುತ್ತಿದ್ದರು.
ತಿದ್ದುಪಡಿ, ಉಪಕಲಂ ಎಂಟು, ಎಂದು
ಅಂಚಿನಲ್ಲಿ ಗೀಚಿಕೊಂಡೆ.

ಸಂಜೆ ಮೇಜಿನ ಫೋನು. ಅಂಜಲೈ ಎಂಬುವವರು.
ಎಷ್ಟು ಜನಕ್ಕೆ ಹೇಳಿ ಬಂದಿದ್ದರೋ,
ದನಿ ಸವೆದು ದಾರವಾಗಿತ್ತು.
'ನೋಡ್ತೀವಮ್ಮಾ' ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.
ನುಂಗಿಕೊಂಡೆ.
'ಮೂರನೇ ಪಂಪು. ಹನ್ನೆರಡನೇ ಲೈನು.
ನಿನ್ನೆ ಬೆಳಿಗ್ಗೆಯಿಂದ ಗುರ್ ಅನ್ನುತ್ತೆ, ನೀರಿಲ್ಲ.'
ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ.
ಆಮೇಲೆ 'ಹೂಂ' ಅಂದರು, 'ಅದೇ.'