ಗುರುವಾರದ ಪುಕ್ಕಟೆ

ಗುರುವಾರ ರಾತ್ರಿ ಎಂಟೂವರೆ,
ಚಳಿಗಾಲದಲ್ಲಾದರೆ ಒಂಬತ್ತೂವರೆ,
ಎಪಿಕ್‌ನವರು ಒಂದು ಆಟ ಪುಕ್ಕಟೆ ಹಂಚುತ್ತಾರೆ.
ಕೋಡಿಬಾಗದ ಝೆರಾಕ್ಸ್ ಅಂಗಡಿಯ ಶಟರ್ ಅರ್ಧ ಇಳಿಸಿ
ಹಗಲೆಲ್ಲ ಊರವರ ಆಧಾರ್ ಕಾರ್ಡು ಉಗುಳಿದ
ಅದೇ ಕಂಪ್ಯೂಟರಿನೆದುರು
ಚೂಡಿದಾರದಲ್ಲೇ ಸೆರಗೊಡ್ಡಿ ಕೂರುತ್ತೇನೆ.
ಎರಡು ವರ್ಷಕ್ಕೆ ನೂರಾ ಮೂವತ್ತೊಂದು ಆಟ.
ತೆರೆದದ್ದು ನಾಲ್ಕು.
ಮುಗಿಸಿದ್ದು ಕೇಳಬೇಡಿ.

ಅಫ್ನಾನ್‌ಗೆ ಸ್ಟೀಮ್ ಬಿಟ್ಟರೆ ಬೇರೆ ಅಂಗಡಿಯೇ ಅಂಗಡಿಯಲ್ಲ.
‘ಪುಕ್ಕಟೆ ಬಂಗಡೆ ಯಾವತ್ತಿನದು ಅಂತ
ಮೊದಲು ಕಿವಿರು ಎತ್ತಿ ನೋಡೇ’ ಅನ್ನುತ್ತಾನೆ.
ಅವನದೂ ಸರಿ.
ಅಲ್ಲಿ ಎರಡು ತಾಸು ಆಡಿ, ಸೇರಲಿಲ್ಲ ಅಂದರೆ ದುಡ್ಡು ವಾಪಸ್,
ಕೊಂಡವರ ಬೈಗುಳ ಬಾಗಿಲಲ್ಲೇ ತೂಗುಹಾಕಿರುತ್ತದೆ,
ಆಡುವ ಗೆಳೆಯರು ಹಸಿರು, ಸುಮ್ಮನೆ ಕೂತವರು ನೀಲಿ.
ಆದರೆ ಸೇಲ್ ಬಂದ ದಿನ ಅವನನ್ನು ನೋಡಬೇಕು.
ಬೈತಖೋಲದಲ್ಲಿ ತಾರ್ಲೆ ರಾಶಿ ಬಿದ್ದಾಗ
ಚೀಲ ಮರೆತು ಬಂದು
ಅಂಗಿ ಬಿಚ್ಚಿ ತುಂಬಿಕೊಂಡವನ ಹಾಗೆ.

ಸುಂಕೇರಿಯ ಜೊಸ್ಟೀನನ ಬಳಿ ಆರು ಲಾಂಚರು,
ಆರು ಪಾಸ್‌ವರ್ಡು, ಬೈಬಲ್ಲಿನ ಹಿಂದಿನ ಹಾಳೆಯಲ್ಲಿ.
ಒಂದನ್ನು ಒತ್ತಿದರೆ ಅದು ಇನ್ನೊಂದನ್ನು ಕೂಗುತ್ತದೆ,
ಇನ್ನೊಂದು ‘ತಡಿ, ಅಪ್‌ಡೇಟು’ ಅನ್ನುತ್ತದೆ,
ಆಮೇಲೆ ಕೇಳುತ್ತದೆ: ನೀನು ಯಾರು?
ಇದು ನನಗೆ ಹೊಸದಲ್ಲ.
ತಾಲ್ಲೂಕು ಕಚೇರಿಯಲ್ಲಿ ಟೇಬಲ್ಲಿನಿಂದ ಟೇಬಲ್ಲಿಗೆ ದಾಟಿ
ಕೊನೆಗೆ ‘ಒಂದು ಝೆರಾಕ್ಸ್ ತನ್ನಿ’ ಅನ್ನಿಸಿಕೊಂಡವರೇ
ನನ್ನ ಹೊಟ್ಟೆ ಹೊರೆಯುವವರು.

ಅನ್ವೇಶ ತಾಂಡೇಲ ವಾದಕ್ಕೆ ಬರುವುದಿಲ್ಲ.
ಪರ್ಸೀನ್ ಬೋಟಿನವನು, ಕೈಯಲ್ಲಿ ಡೀಸೆಲ್ ವಾಸನೆ.
ಅವನು ಕೊಳ್ಳುವುದು ಗಾಗ್‌ನಲ್ಲಿ ಮಾತ್ರ.
ಹಳೆಯ ಆಟ. ಬೀಗವಿಲ್ಲದ್ದು.
ಹಾರ್ಡ್ ಡಿಸ್ಕಿಗೆ ಇಳಿಸಿ, ಹಾಲಿನ ಪ್ಯಾಕೆಟ್ಟಿನಲ್ಲಿ ಸುತ್ತಿ
ಊಟದ ಡಬ್ಬಿಯ ಪಕ್ಕ ಇಡುತ್ತಾನೆ.
‘ದೇವಗಡದ ದೀಪ ದಾಟಿದ ಮೇಲೆ
ನಿಮ್ಮ ಅಂಗಡಿಗಳು ಯಾವುದೂ ಬರೂದಿಲ್ಲ ಮಾರಾಯ್ರೆ.’

ಈ ಗುರುವಾರ ಆಜಿ ಬಂದಿದ್ದಳು, ತೋಡೂರು ಕಾಲನಿಯಿಂದ,
ಬಿ.ಪಿ. ಗುಳಿಗೆಗೆ.
ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು
ನಮ್ಮ ಜಗಳ ಕೇಳಿ ಕೇಳಿ ಬೇಸತ್ತು
‘ಏನು ಮಾರ್ತಾರೆ ಇವರೆಲ್ಲ?’ ಅಂದಳು.
ಹೇಳಿದೆ: ದುಡ್ಡು ನಮ್ಮದು. ಆಟ ಅವರದೇ.
ಆಡಲಿಕ್ಕೆ ಪರವಾನಿಗೆ ಅಷ್ಟೆ ನಮ್ಮದು.
‘ಪ್ರತಿ ಸಲ ಗೇಟಿಗೆ ಕಾರ್ಡು ತೋರಿಸಬೇಕಾ?’
ಹೌದು.
‘ಅವರು ಗೇಟು ಹಾಕಿದರೆ?’

ಅಫ್ನಾನ್ ಕೂಡ ಮೌಸ್ ಬಿಟ್ಟ.
ಆಜಿಯ ಪಹಣಿಯನ್ನು ನಾನೇ ಲ್ಯಾಮಿನೇಟ್ ಮಾಡಿಕೊಟ್ಟಿದ್ದೇನೆ,
ಎರಡು ಸಲ.
ಅದರಲ್ಲಿರುವ ಗದ್ದೆ, ಬಾವಿ, ಎಂಟು ತೆಂಗಿನ ಮರ
ನೌಕಾನೆಲೆಯ ಗೋಡೆಯ ಆಚೆ ಇವೆ,
ಅಥವಾ ಇಲ್ಲ.
ಬಸ್ಸು ಅಲ್ಲಿ ಹಾಯುವಾಗ ಅವಳು ಸಮುದ್ರದ ಕಡೆ ತಿರುಗುವುದಿಲ್ಲ,
ಟಿಕೆಟ್ಟಿನ ಚಿಲ್ಲರೆ ಎಣಿಸುತ್ತಾಳೆ.

‘ಹಾಗಾದರೆ ಆ ತಾಂಡೇಲರ ಪೋರನದೇ ಸರಿ’ ಅಂದಳು.
‘ಮಳೆಗಾಲಕ್ಕೆ ಒಣಗಿಸಿ ಡಬ್ಬಿಗೆ ಹಾಕಿದ್ದು
ನಮ್ಮ ಮೀನು. ಉಳಿದದ್ದು ಪೇಟೆಯದು.’
ಅನ್ವೇಶ ನಾಚಿ ಡಿಸ್ಕಿನ ಪ್ಯಾಕೆಟ್ಟು ಸರಿಮಾಡಿದ.

ಎಂಟೂವರೆ ಆಯಿತು.
ನನ್ನ ಕೈ ತಾನಾಗಿಯೇ ಹೋಯಿತು.
‘ಪುಕ್ಕಟೆಯಾ?’ ಆಜಿ ಸ್ಟೂಲು ಎಳೆದುಕೊಂಡಳು.
‘ಬಿಡಬೇಡ ಮತ್ತೆ. ನನಗೂ ಒಂದು ತೆಗಿ.’

ಅವಳ ಹೆಸರಿನಲ್ಲಿ ಖಾತೆ ತೆರೆದೆ.
ಹುಟ್ಟಿದ ದಿನ ಕೇಳಿತು.
ಆಧಾರಿನಲ್ಲಿ ಜನವರಿ ಒಂದು, ಯಾರೋ ಕೂತು ಬರೆದದ್ದು.
ಹನ್ನೆರಡನೇ ವಯಸ್ಸಿನಲ್ಲಿ ದೊಡ್ಡವರ ಆಟಕ್ಕೆ ನುಗ್ಗಲು
ಅಫ್ನಾನ್ ಹಾಕಿದ್ದೂ ಜನವರಿ ಒಂದು,
ಜೊಸ್ಟೀನನದೂ, ನನ್ನದೂ.
‘ಎಲ್ಲರೂ ಒಂದೇ ದಿನ ಹುಟ್ಟಿದ್ದಾ!’
ಆಜಿ ನಕ್ಕಳು, ಕೆಮ್ಮು ಬರುವಷ್ಟು.
ಅನ್ವೇಶ ನೀರು ತರಲು ಶಟರಿನಡಿ ಬಗ್ಗಿದ.