ನೀರು ಏರಿದ ಮೇಲೆ

ಬೋರ್ಡಿನ ಮೇಲೆ ಒಂಬತ್ತರಿಂದ ನಾಲ್ಕು ಎಂದಿದೆ.
ಮೊದಲ ವಾರ, ಒಂಬತ್ತರಿಂದ ನಾಲ್ಕರ ತನಕ
ಬಂದದ್ದು ಒಂದು ನಾಯಿ, ಮತ್ತು
ನಶ್ಯದ ಡಬ್ಬಿ ಮರೆತುಹೋದ ಪಂಚಾಯ್ತಿ ಮೆಂಬರು.

ಬಾಗಿಲಿಗೆ ಬಂದು ನಿಂತರೆ ಕಾಣುತ್ತಿತ್ತು:
ಅಘನಾಶಿನಿಯ ನೀರು ಹಿಂದೆ ಸರಿದು
ಮೊಳಕಾಲ ಕೆಸರಲ್ಲಿ ಊರಿನ ಹೆಂಗಸರೆಲ್ಲ
ಬೆನ್ನು ಬಗ್ಗಿಸಿ ಬಳಚು ಹೆಕ್ಕುತ್ತಿದ್ದಾರೆ.
ಅಷ್ಟೂ ಬೆನ್ನುಗಳು ನನ್ನ ರಿಜಿಸ್ಟರಿನಲ್ಲಿ ಖಾಲಿ ಸಾಲು.

ತಾರಿಯ ಹಮ್ಮಣ್ಣ ಹೇಳಿದ:
"ಇಲ್ಲಿ ಗಡಿಯಾರ ನೋಡೂಕೆ ಹೋಗ್ಬೇಡಿ ಅಕ್ಕೋರೆ,
ನೀರ್ ನೋಡಿ."

ಇಂಡಿ ತಾಲೂಕಿನವಳು ನಾನು, ನೀಲಾಂಬಿಕಾ ಹೂಗಾರ.
ನಮ್ಮಲ್ಲಿ ನೀರೆಂದರೆ ಟ್ಯಾಂಕರು ಬರುವ ದಿನ.
ಅದು ದಿನಕ್ಕೆರಡು ಸಲ ತಾನಾಗಿ ಬಂದು ಹೋಗುತ್ತದೆಂದು
ನರ್ಸಿಂಗ್ ಪುಸ್ತಕದಲ್ಲಿ ಇರಲಿಲ್ಲ.
ಲಸಿಕೆಯ ಪಟ್ಟಿಯ ಪಕ್ಕ ಪಂಚಾಂಗ ತೂಗುಹಾಕಿದೆ.
ಅಷ್ಟಮಿಗೆ ಇಳಿತ ಸಣ್ಣದು, ಅಮಾಸೆಗೆ ದೊಡ್ಡದು.
ಭರತ ಏರಿ, ಬುಟ್ಟಿ ತೊಳೆದು, ಅವರು ದಡ ಹತ್ತುವಾಗ
ಮಧ್ಯಾಹ್ನವಿರಲಿ, ಕತ್ತಲಿರಲಿ
ಬಾಗಿಲು ತೆರೆದಿರುತ್ತೇನೆ.

ಮೊದಲು ಬಂದವಳು ಬೀರಮ್ಮ.
ಚಿಪ್ಪು ಕೊಯ್ದ ಹೆಬ್ಬೆರಳು ತೊಳೆದು, ಸುಮ್ಮನೆ
ಇನ್ನೊಂದು ತೋಳಿಗೆ ಪಟ್ಟಿ ಸುತ್ತಿದೆ.
ನೂರ ಎಂಬತ್ತಾರು, ನೂರ ಎಂಟು.
"ಎರಡೆರಡು ಯಾಕೆ?"
"ಮೇಲಿನದು ಭರತ, ಕೆಳಗಿನದು ಇಳಿತ."
ಸ್ವಲ್ಪ ಹೊತ್ತು ಯೋಚಿಸಿ ಅವಳೆಂದಳು:
"ಹಂಗಾರೆ ನಂಗೆ ಇಳಿತವೇ ಇಲ್ಲ."
ನಾಲ್ಕು ವರ್ಷ ಓದಿದ ಮಾತು
ಅಷ್ಟು ಸಣ್ಣ ಬಾಯಲ್ಲಿ ಹಿಡಿಸಿದ್ದು ಅಂದೇ.

ನಾನು ಡಾಕ್ಟರಲ್ಲ. ದಿನಕ್ಕೆ ಹತ್ತು ಸಲ ಹೇಳುತ್ತೇನೆ.
ಡಾಕ್ಟರು ಹೊಳೆಯಾಚೆ, ಎರಡು ಬಸ್ಸಿನ ದೂರ,
ಫೋನಿನ ಗಾಜಿನಲ್ಲಿ ಅರ್ಧ ಹಣೆಯಾಗಿ ಬರುತ್ತಾರೆ,
ನೆಟ್‌ವರ್ಕ್ ಹೋದರೆ ಬಾಯಿ ತೆರೆದೇ ನಿಲ್ಲುತ್ತಾರೆ.
ಆಗ ಫೋನೆತ್ತಿಕೊಂಡು ದಕ್ಕೆಗೆ ಓಡುತ್ತೇನೆ;
ಹಿಂದೆ ಬೀರಮ್ಮ, ಅವಳ ಹಿಂದೆ ಆ ನಾಯಿ.
ದಕ್ಕೆಯ ತುತ್ತತುದಿಯಲ್ಲಿ ಮಾತ್ರೆಯ ಹೆಸರು ಸಿಕ್ಕಿತು.
"ಡಾಕ್ಟ್ರು ಎಂತ ಹೇಳ್ರು?"
"ನಾನು ಹೇಳಿದ್ದನ್ನೇ."
"ಮತ್ತೆ ಓಡ್ಸಿದ್ದು ಯಾಕೆ?"

ಎಲ್ಲವೂ ಇಷ್ಟಕ್ಕೆ ಮುಗಿಯುವುದಿಲ್ಲ.
ಮಾಸ್ತಿಯ ಎದೆಯ ಗಂಟು ನನ್ನ ಬೆರಳಿಗೆ ತಾಗಿದ ಸಂಜೆ
ಚೀಟಿ ಬರೆದೆ. ಬೆಳಗಾದ ಮೇಲೆ ತಾರಿ ಹತ್ತಿಸಿ
ಕಾರವಾರದ ತನಕ ಜೊತೆಗೆ ಹೋದೆ.
ಬಸ್ಸಿನಲ್ಲಿ ಅವಳು ಕೇಳಿದ್ದು ಒಂದೇ:
ನಾಳೆ ಇಳಿತ ಎಷ್ಟು ಹೊತ್ತಿಗೆ?
ಗೊತ್ತಿತ್ತು. ಹೇಳಿದೆ.

ನಿನ್ನೆ ತಾಲೂಕಿನ ಸಾಹೇಬರು ಬಂದು
ಬೋರ್ಡು ನೋಡಿ, ಬೀಗ ನೋಡಿ,
"ಹನ್ನೊಂದಕ್ಕೇ ಯಾಕೆ ಮುಚ್ಚಿದೆ?" ಎಂದರಂತೆ.
ಹಮ್ಮಣ್ಣ ಹೊಳೆಯ ಕಡೆ ಕೈ ತೋರಿದನಂತೆ.

ಅಲ್ಲಿ ನಾನು, ಸೀರೆ ಎತ್ತಿ ಕಟ್ಟಿ,
ಪೆಟ್ಟಿಗೆಯನ್ನು ಬಳಚಿನ ಬುಟ್ಟಿಯಲ್ಲಿಟ್ಟು
ಉಪ್ಪು ಹಿಡಿದ ತೋಳಿಗೆ ಪಟ್ಟಿ ಸುತ್ತುತ್ತಿದ್ದೆ.
ನೂರ ಮೂವತ್ತೆಂಟು.
"ಇಳಿತ?" ಎಂದಳು ಬೀರಮ್ಮ.
ಎಂಬತ್ತಾರು.
"ಬೇಗ ಬಿಡಿ ಹಂಗಾರೆ," ಎಂದು ಕೈ ಎಳೆದುಕೊಂಡಳು,
"ನೀರ್ ಬತ್ತಾ ಉಂಟು."