ದುಂಡು ಮನೆಗೊಂದು ಟಿವಿ

ಅಂಗಡಿಯ ಹುಡುಗ ಮೊದಲು ಕೇಳಿದ್ದು,
ನಿಮ್ಮ ಗೋಡೆ ಎಷ್ಟಗಲ?

ನಾನೂ ಲುವ್ಸಂದೋರ್ಜನೂ ಮುಖ ಮುಖ ನೋಡಿಕೊಂಡೆವು.
ನಮ್ಮ ಗೋಡೆಗೆ ಮೊದಲಿಲ್ಲ, ಕೊನೆಯಿಲ್ಲ, ಮೂಲೆಯಿಲ್ಲ,
ಬಾಗಿಲಿನಿಂದ ಹೊರಟು ಬಾಗಿಲಿಗೇ ಬರುತ್ತದೆ.
ಒಳಗೆ ಕಟ್ಟಿಗೆಯ ಜಾಲರಿ, ಹೊರಗೆ ಕುರಿಯುಣ್ಣೆಯ ಕಂಬಳಿ,
ಮೊಳೆ ಹೊಡೆದರೆ ಗಾಳಿಗೆ ಹೊಡೆದಂತೆ.
ವರುಷಕ್ಕೆ ನಾಲ್ಕು ಸಲ ಅದನ್ನು ಬಿಚ್ಚಿ, ಸುತ್ತಿ,
ಲಾರಿಗೆ ಹೇರಿ
ಹುಲ್ಲು ಕರೆದಲ್ಲಿಗೆ ಹೋಗುತ್ತೇವೆ.

ಹಾಗಾದರೆ ಕಾಲಿರುವುದು ಕೊಡುತ್ತೇನೆ, ಅಂದ ಹುಡುಗ.
ಕಾಲಿರುವ ಟಿವಿ!
ನಮ್ಮ ಮನೆಗೆ ತಕ್ಕದ್ದೇ.
ನಗು ಬಂತು, ನುಂಗಿಕೊಂಡೆ.

ತೊಂಬತ್ತು ಮೈಲಿ ಬಂದಿದ್ದೆವು ಅರ್ವೈಖೇರಿಗೆ,
ಮೇಕೆಗಳ ಮೈ ಬಾಚಿ ತೆಗೆದ ತುಪ್ಪಳ
ಎರಡು ಮೂಟೆ ಮಾರಿ, ನೋಟು ಒಳಜೇಬಿಗೆ ಹೊಲಿದುಕೊಂಡು.
ಹಳೆಯದು ಸತ್ತದ್ದು ಬಿಳಿ ತಿಂಗಳ ಹಬ್ಬದ ಹಿಂದಿನ ರಾತ್ರಿ,
ಕುಸ್ತಿಯ ಕೊನೆಯ ಸುತ್ತಿನಲ್ಲಿ.
ಅತ್ತೆ ಎದ್ದು ಅದರ ತಲೆಗೆ ಅಂಗೈಯಿಂದ ಒಂದು ಕೊಟ್ಟರು,
ಇಪ್ಪತ್ತು ವರ್ಷ ಫಲಿಸಿದ ಮದ್ದು ಅದು.
ಈ ಸಲ ಇಬ್ಬರು ಜಟ್ಟಿಗಳೂ ಸೇರಿ ಒಂದು ಹಸಿರು ಗೆರೆಯಾದರು,
ಗೆರೆ ಚುಕ್ಕಿಯಾಯಿತು.
ಗೆದ್ದವರು ಯಾರೆಂದು ಕೇಳಿ ಬರಲು
ಮಗ ಮೋಟಾರ್ ಸೈಕಲ್ಲೇರಿ ನೆರೆಯ ಬಿಡಾರಕ್ಕೆ ಹೋದವನು
ನಡುರಾತ್ರಿ ಕೆಂಪು ಮೂಗು ಹೊತ್ತು ಬಂದ.
ಅವರು ಆಗಲೇ ಮಲಗಿದ್ದರಂತೆ.

ಅಂಗಡಿಯ ತುಂಬ ಒಂದೇ ಕುದುರೆ.
ಹದಿನೆಂಟು ಟಿವಿಗಳಲ್ಲಿ ಹದಿನೆಂಟು ಸಲ
ಎಲ್ಲಿಯದೋ ಹಸಿರಿನಲ್ಲಿ ಓಡುತ್ತಿತ್ತು.
ಹುಡುಗ ಹೇಳುತ್ತ ಹೋದ: ಇಂಚು, ಪಿಕ್ಸೆಲ್, ಇಂಟರ್ನೆಟ್ಟು,
ಬಾಯಲ್ಲಿ ಹೇಳಿದರೆ ಚಾನೆಲ್ ಬದಲಿಸುವ ರಿಮೋಟು.
ಕರೆಂಟು ಎಷ್ಟು ಕುಡಿಯುತ್ತದೆ, ಅಂದೆ ನಾನು.
ಪಶು ಕೊಳ್ಳುವಾಗ ಎಷ್ಟು ಮೇಯುತ್ತದೆ ಅಂತ ಕೇಳುವುದಿಲ್ಲವೆ, ಹಾಗೆ.
ಅವನು ಪೆಟ್ಟಿಗೆ ತಿರುಗಿಸಿ ಹಿಂಬದಿ ಓದತೊಡಗಿದ.
ನಮಗಿರುವುದು ಒಂದು ಸೋಲಾರ್ ಹಲಗೆ, ಒಂದು ಲಾರಿ ಬ್ಯಾಟರಿ.
ಅದರಲ್ಲಿ ದೀಪ, ಎರಡು ಫೋನು, ಅತ್ತೆಯ ರೇಡಿಯೊ,
ಮಿಕ್ಕಿದ್ದು ಟಿವಿಗೆ.
ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು,
ಎಂಥ ಕಾಲಿರುವ ಟಿವಿಯೇ ಆಗಲಿ.

ಲುವ್ಸಂದೋರ್ಜ ಎಲ್ಲಕ್ಕಿಂತ ದೊಡ್ಡದರ ಮುಂದೆ ನಿಂತಿದ್ದ,
ಟೋಪಿ ಕೈಯಲ್ಲಿ ಹಿಡಿದು.
ಈ ಕುದುರೆಗೆ ಎಡ ಮುಂಗಾಲು ನೋವು, ಅಂದ.
ಹುಡುಗ ಮಾತು ನಿಲ್ಲಿಸಿದ.
ನೋಡು, ಆ ಗೊರಸು ಊರುವಾಗೆಲ್ಲ ತಲೆ ಎತ್ತುತ್ತದೆ.
ಕಲ್ಲು ಹೊಕ್ಕಿರಬೇಕು. ಮೂರು ದಿನವಾದರೂ ಆಗಿದೆ.
ಆಮೇಲೆ ಸಾಲು ಹಿಡಿದು ನಡೆದ.
ಪಕ್ಕದ್ದರಲ್ಲಿ ಕುಂಟು ಅರ್ಧ ಕಾಣುತ್ತಿತ್ತು,
ಅದರ ಪಕ್ಕದ್ದರಲ್ಲಿ ಬರೀ ಅನುಮಾನ.
ಕೊನೆಯ ಮೂಲೆಯಲ್ಲಿ, ನಮ್ಮ ಮೂಟೆಗಳ ದುಡ್ಡಿಗೆ ಎಟಕುವಂಥದರಲ್ಲಿ,
ಮೂವತ್ತೆರಡು ಇಂಚು, ನಲವತ್ತು ವಾಟ್,
ಕುದುರೆ ಏನೂ ಆಗಿಲ್ಲದಂತೆ ಓಡುತ್ತಿತ್ತು.

ಅದನ್ನೇ ಕಟ್ಟಿಸಿಕೊಂಡೆವು.
ಥರ್ಮೊಕೋಲಿನ ಒಂದು ಚೂರೂ ಬಿಡಬೇಡ ಅಂದೆ ಹುಡುಗನಿಗೆ,
ಜೂನಿನಲ್ಲಿ ಮತ್ತೆ ಮನೆ ಬಿಚ್ಚಬೇಕು.

ಈಗ ಬಡಗಣದ ಕಿತ್ತಳೆ ಬಣ್ಣದ ಪೆಟ್ಟಿಗೆಯ ಮೇಲೆ ಕೂತಿದೆ.
ಅದಕ್ಕಾಗಿ ಮಾವನ ಫೋಟೊ ಒಂದು ಗೇಣು ಸರಿಯಿತು.
ಅತ್ತೆಯೇ ಸರಿಸಿದರು,
ಅವರಿಗೂ ಕುಸ್ತಿ ಕಾಣಲೆಂದು ಕೊಂಚ ಓರೆಯಾಗಿ.
ಹೊಡೆಯೋಣವೆಂದರೆ ಇದಕ್ಕೆ ತಲೆಯೇ ಇಲ್ಲ
ಎಂಬುದೊಂದೇ ಅವರ ದೂರು.

ನಿನ್ನೆ ಮೋಡವಿತ್ತು. ಒಂಬತ್ತಕ್ಕೆ ಬ್ಯಾಟರಿ ಮುಗಿಯಿತು.
ಕಪ್ಪು ಗಾಜಿನಲ್ಲಿ ಒಲೆಯ ಕೆಂಡ ಮಾತ್ರ, ಬಾಗಿದ ಗೋಡೆ ಮಾತ್ರ.
ನಿದ್ದೆ ಹತ್ತಿರ ಬಂದಾಗ ಅವನು ಮಗ್ಗುಲಾದ,
ತ್ಸೆವೆಲ್ಮಾ,
ಅದರ ಕಾಲಿನ ಕಲ್ಲು ಯಾರಾದರೂ ತೆಗೆದಿರಬಹುದೆ?